ಫಂಕ್ಷನ್ ಏನೇನು ಕೊಡುತ್ತದೆಂದು ಮೊದಲ ಸಾಲಲ್ಲೇ ಬರೆಯಿಸಿ

17ನ್ನು 5ರಿಂದ ಭಾಗಿಸಲು ಹೇಳಿದರೆ ನಮ್ಮ ನಾಲ್ಕನೆಯ ತರಗತಿಯ ಮಕ್ಕಳು ಭಾಗಲಬ್ಧ 3, ಶೇಷ 2 ಎಂದು ಎರಡಕ್ಕೂ ಹೆಸರು ಕೊಟ್ಟೇ ಬರೆಯುತ್ತಾರೆ. ಬರೀ "3, 2" ಎಂದು ಬರೆದರೆ ನಾವು ಕೆಂಪು ಪೆನ್ನು ತೆಗೆಯುತ್ತೇವೆ. ಅದೇ ಮಕ್ಕಳು ಹೈಸ್ಕೂಲಿನ ಐಟಿ ಲ್ಯಾಬಿಗೆ ಹೋಗಿ ಪೈಥಾನ್ ಕಲಿಯುವಾಗ ಮಾತ್ರ, ಫಂಕ್ಷನ್ನಿನಿಂದ ಹೊರಬಂದ ಎರಡು ಉತ್ತರಗಳಲ್ಲಿ ಯಾವುದು ಏನು ಎಂದು ಕೇಳುವವರಿಲ್ಲ. "ರನ್ ಆಯ್ತಲ್ಲ, ಸಾಕು" ಎನ್ನುತ್ತೇವೆ!

ಹಾಗೆ ಹೇಳಿದವರಲ್ಲಿ ನಾವೂ ಇದ್ದೆವು. ಒಮ್ಮೆ ತರಗತಿ ಪರೀಕ್ಷೆಗಳ ಸರಾಸರಿ ತೆಗೆಯಲು ನಾವೇ ಒಂದು ಪ್ರೋಗ್ರಾಮ್ ಬರೆದೆವು. ಅಂಕ ಓದುವ ಫಂಕ್ಷನ್ ಒಂದೇ ಒಂದು ಸಂಖ್ಯೆ ಕೊಡುತ್ತಿತ್ತು, ಗೈರುಹಾಜರಾದರೆ -1. ಹಲವರು ಹೀಗೇ ಬರೆಯುತ್ತಾರೆ, ನಾವೂ ಬರೆದೆವು. ಜ್ವರದಿಂದ ಎರಡು ಪರೀಕ್ಷೆ ತಪ್ಪಿಸಿಕೊಂಡ ಹುಡುಗಿಯೊಬ್ಬಳಿದ್ದಳು. ಬರೆದ ಮೂರರಲ್ಲಿ ಅವಳಿಗೆ 25ಕ್ಕೆ 21, 19, 20. ಸರಾಸರಿ 20 ಬರಬೇಕು. ನಮ್ಮ ಪ್ರೋಗ್ರಾಮ್ ಎರಡು -1ಗಳನ್ನೂ ಅಂಕವೆಂದೇ ಕೂಡಿಸಿ, 58ನ್ನು 5ರಿಂದ ಭಾಗಿಸಿ 11.6 ಎಂದಿತು. ಹಿಂದುಳಿದವರ ಪಟ್ಟಿಯಲ್ಲಿ ಅವಳ ಹೆಸರು ಬಂತು. ವಿಚಾರಿಸಲು ಬಂದ ಅವಳ ತಂದೆಗೆ ನಾವು ಹೇಳಿದ್ದೇನು ಗೊತ್ತೇ? "ಕಂಪ್ಯೂಟರ್ ಲೆಕ್ಕ, ತಪ್ಪಾಗುವುದಿಲ್ಲ" ಎಂದು. ಇಂದಿಗೂ ನೆನೆದರೆ ನಾಚಿಕೆಯಾಗುತ್ತದೆ.

ಆ ಫಂಕ್ಷನ್ ಕೊಡಬೇಕಾಗಿದ್ದುದು ಎರಡು ಸಂಗತಿ, ಎರಡು ಬೇರೆ ಜಾತಿಯವು. ಬೋರ್ಡಿನ ಮೇಲೆ ಕನ್ನಡದಲ್ಲಿ ಹೀಗೆ ಬರೆಯಬಹುದು:

ಅಂಕ_ಓದು(ಕ್ರಮಸಂಖ್ಯೆ) → (ಹಾಜರಿ: ಹೌದು/ಇಲ್ಲ, ಅಂಕ: ಪೂರ್ಣಾಂಕ)

ಪೈಥಾನಿನಲ್ಲಿ ಆವರಣದ ನಂತರ ಬಾಣದ ಗುರುತು ಹಾಕಿ, ಟಪಲ್ ಎಂದು ಬರೆದು, ಚೌಕ ಆವರಣದೊಳಗೆ ಬೂಲ್, ಇಂಟ್ ಎಂದರೆ ಮುಗಿಯಿತು. 2015ರ 3.5 ಆವೃತ್ತಿಯಲ್ಲಿ ಇದಕ್ಕಾಗಿ ಟೈಪಿಂಗ್ ಎಂಬ ಮಾಡ್ಯೂಲ್ ಬಂತು, 2020ರ 3.9ರಿಂದ ಅದನ್ನು ಕರೆಯುವ ಕಷ್ಟವೂ ಇಲ್ಲ. ಹೀಗೆ ಎರಡು ಮೌಲ್ಯ ಕೊಡುವ ಫಂಕ್ಷನ್ನಿನ ಉತ್ತರವನ್ನು ಯಾರಾದರೂ ನೇರವಾಗಿ ಮೊತ್ತಕ್ಕೆ ಕೂಡಿಸಹೊರಟರೆ, ಸಂಖ್ಯೆಗೆ ಟಪಲ್ ಕೂಡಿಸಲಾಗದೆಂದು ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತದೆ. ನಮ್ಮ -1 ಮಾತ್ರ ಸದ್ದಿಲ್ಲದೆ ಒಳಗೆ ಹೋಗಿ ಕುಳಿತಿತ್ತು.

"ಪೈಥಾನ್ ಓಡುವಾಗ ಆ ಟೈಪುಗಳನ್ನು ನೋಡುವುದೇ ಇಲ್ಲ, ಮತ್ಯಾಕೆ ಬರೆಯಿಸಬೇಕು?" ಎನ್ನುತ್ತಾರೆ ನಮ್ಮ ಸಹೋದ್ಯೋಗಿಗಳು. ನೋಡುವುದಿಲ್ಲ, ನಿಜ. ಕ್ಯಾಲ್ಕ್ಯುಲೇಟರೂ ಕಿಲೋ, ಮೀಟರ್ ನೋಡುವುದಿಲ್ಲ. ಆದರೂ ಏಕಮಾನ ಬರೆಯದ ಉತ್ತರಕ್ಕೆ ನಾವು ಪೂರ್ಣ ಅಂಕ ಕೊಡುವುದುಂಟೇ? ಓಡಿಸುವ ಮೊದಲೇ ತಪ್ಪು ತೋರಿಸುವ ಮೈಪೈ ಎಂಬ ಉಪಕರಣವೂ ಉಚಿತವಾಗಿಯೇ ಸಿಗುತ್ತದೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಭಾಗಲಬ್ಧವೂ ಪೂರ್ಣಾಂಕ, ಶೇಷವೂ ಪೂರ್ಣಾಂಕ. ಅದಲುಬದಲಾದರೆ ಟೈಪ್ ಏನು ಮಾಡೀತು? ಏನೂ ಮಾಡದು. ಅಲ್ಲಿ ಹೆಸರು ಬೇಕು. 1989ರ ಸಿ ಭಾಷೆಯ ಪ್ರಮಾಣದಲ್ಲೇ ಡಿವ್ ಎಂಬ ಫಂಕ್ಷನ್ ಇದೆ. ಅದು ಭಾಗಲಬ್ಧಕ್ಕೊಂದು, ಶೇಷಕ್ಕೊಂದು ಹೆಸರಿನ ಮನೆಯಿರುವ ಸ್ಟ್ರಕ್ಚರನ್ನು ಕೊಡುತ್ತದೆ. ಪೈಥಾನಿನಲ್ಲಿ ನೇಮ್ಡ್ ಟಪಲ್ ಇದೆ. 2009ರಲ್ಲಿ ಗೂಗಲ್ ಪ್ರಕಟಿಸಿದ ಗೋ ಭಾಷೆಯಂತೂ ಹೊರಬರುವ ಪ್ರತಿಯೊಂದರ ಟೈಪನ್ನು ಮೊದಲ ಸಾಲಿನಲ್ಲೇ ಬರೆಯಿಸುತ್ತದೆ, ಬೇಕಿದ್ದರೆ ಹೆಸರನ್ನೂ ಇಡಬಹುದು. ಫಂಕ್ಷನ್ನಿನೊಳಗೆ ಹಾಜರಿಯನ್ನು ಹೊಸ ಹೆಸರಿನಲ್ಲಿ ಹಿಡಿದುಕೊಂಡು ಬಳಸದೆ ಬಿಟ್ಟರೆ ಕಂಪೈಲೇ ಆಗದು!

ಆದರೆ ಅದೇ ಗೋ ನಮ್ಮ ಭಾಷೆಗೆ ಮಾಡುವ ಅನ್ಯಾಯವನ್ನೂ ಹೇಳಬೇಕು. ಅಲ್ಲಿ "ಪದ" ಎಂದು ಹೆಸರಿಡಬಹುದು, "ಶೇಷ" ಎಂದಿಡಲಾಗದು, "ಅಂಕ"ವೂ ನಡೆಯದು. ಒತ್ತು, ಗುಣಿತ, ಅನುಸ್ವಾರಗಳ ಚಿಹ್ನೆಗಳು ಅದರ ಲೆಕ್ಕದಲ್ಲಿ ಅಕ್ಷರಗಳೇ ಅಲ್ಲ. ಪೈಥಾನ್ 2008ರ 3.0ರಿಂದಲೇ ಇವನ್ನೆಲ್ಲ ಒಪ್ಪುತ್ತದೆ. ಹಾಗಿರುವಾಗ ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಎಕ್ಸ್, ವೈ ಎಂದು ಅರ್ಥವಿಲ್ಲದ ಹೆಸರಿಟ್ಟು ಯಾಕೆ ತಡವರಿಸಬೇಕು?

"ಪಾಠ ಮುಗಿಸಲೇ ಸಮಯವಿಲ್ಲ, ಇದೊಂದು ಹೆಚ್ಚಿನ ಕೆಲಸ" ಎನ್ನುವವರಿಗೆ ಒಂದೇ ಮಾತು. ಮೇಲಿನ ಆ ಸಾಲನ್ನು ಬೋರ್ಡಿನಲ್ಲಿ ಬರೆಯಲು ಅರ್ಧ ನಿಮಿಷ ಸಾಕು. ನಮ್ಮ ಪಟ್ಟಿಯನ್ನು ತಿದ್ದಿ, ಆ ಹುಡುಗಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬರಲು ನಮಗೆ ಒಂದು ಇಡೀ ಶನಿವಾರ ಹಿಡಿದಿತ್ತು.