ಮಾಗಿಯ ಹೊಲ ನೋಡಿ ಮಾರಬೇಡಿ, ಕೊಳ್ಳಬೇಡಿ



ಮಾಗಿ ಬಂತೆಂದರೆ ಬೆಂಗಳೂರಿನ ಸುತ್ತಿನ ಹಳ್ಳಿಗಳಿಗೆ ಎರಡು ಬಗೆಯ ಗಿರಾಕಿಗಳು ಬರುತ್ತಾರೆ. ಒಬ್ಬರು ಅವರೆಕಾಯಿ ಕೊಳ್ಳುವವರು, ಇನ್ನೊಬ್ಬರು ಹೊಲವನ್ನೇ ಕೊಳ್ಳುವವರು. ಮೊದಲನೆಯವರು ಬೆಳಗಿನ ಐದಕ್ಕೆ ಟೆಂಪೋದಲ್ಲಿ ಬಂದು ಮೂಟೆ ತೂಗಿಸಿಕೊಂಡು ಹೋಗುತ್ತಾರೆ. ಎರಡನೆಯವರು ಭಾನುವಾರ ಹತ್ತು ಗಂಟೆಗೆ ಹೆಂಡತಿ ಮಕ್ಕಳೊಡನೆ ಕಾರಿನಲ್ಲಿ ಬರುತ್ತಾರೆ. ಬದುವಿನ ಮೇಲೆ ನಿಂತು ಗಾಳಿ ಕುಡಿಯುತ್ತಾರೆ, ರಾಗಿ ಮೆದೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, "ಎರಡು ಎಕರೆ ಸಾಕು, ಒಂದು ಸಣ್ಣ ಮನೆ, ಎರಡು ಹಸು, ನಾಲ್ಕು ಮರ" ಎನ್ನುತ್ತಾರೆ. ಜೊತೆಗೆ ಬಂದ ದಲ್ಲಾಳಿ ಅಷ್ಟರಲ್ಲಿ ನಿಮ್ಮ ಪಹಣಿಯ ಸರ್ವೆ ನಂಬರು ಬರೆದುಕೊಂಡಿರುತ್ತಾನೆ.

ಹೀಗೆ ಬರುವವರನ್ನು ಹಗುರವಾಗಿ ಕಾಣಬೇಕಾಗಿಲ್ಲ. ಅವರಲ್ಲಿ ಹಲವರು ನಿಮ್ಮ ನೆಂಟರ ಮಕ್ಕಳೇ. ಕೆಲವೊಮ್ಮೆ ಹಾಗೆ ಹೇಳುವವನು ನಿಮ್ಮ ಸ್ವಂತ ಮಗನೇ ಆಗಿರುತ್ತಾನೆ. ನಗರದ ಬಾಡಿಗೆ, ಟ್ರಾಫಿಕ್ಕು, ರಾತ್ರಿ ಪಾಳಿಯಿಂದ ಬೇಸತ್ತವರಿಗೆ ಹಳ್ಳಿಯ ಬದುಕು ಬೇಕೆನಿಸುವುದು ಸಹಜ. ನವೆಂಬರಿನಲ್ಲಿ ಜಿಕೆವಿಕೆಯ ಕೃಷಿ ಮೇಳ, ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಜನವರಿಯಲ್ಲಿ ಅವರೆಬೇಳೆ ಮೇಳ. ನಗರದವರು ನಮ್ಮ ಬೇಸಾಯವನ್ನು ಹತ್ತಿರದಿಂದ ನೋಡುವುದೇ ಈ ಮೂರು ತಿಂಗಳಲ್ಲಿ. ಆಸೆ ಹುಟ್ಟುವುದೂ ಆಗಲೇ.

ಆದರೆ ಇಲ್ಲಿ ಒಂದು ತೊಡಕಿದೆ. ಭೂಮಿ ಅತ್ಯಂತ ಚೆನ್ನಾಗಿ ಕಾಣುವುದು ಮಾಗಿಯಲ್ಲಿ. ರೈತನ ಕೈಯಲ್ಲಿ ಹಣದ ಇಕ್ಕಟ್ಟು ಹೆಚ್ಚಾಗಿರುವುದೂ ಹಲವು ಮನೆಗಳಲ್ಲಿ ಇದೇ ಕಾಲದಲ್ಲಿ. ಕೊಳ್ಳುವವನಿಗೆ ಕಣ್ಣು ಮೋಸ ಮಾಡುತ್ತದೆ, ಮಾರುವವನಿಗೆ ಅವಸರ ಮೋಸ ಮಾಡುತ್ತದೆ. ಆದ್ದರಿಂದ ಈ ಕಾಲದಲ್ಲಿ ಆಗುವ ವ್ಯವಹಾರವನ್ನು ಇಬ್ಬರೂ ಎರಡು ಸಲ ಯೋಚಿಸಬೇಕು.

ಕಾನೂನು ಬದಲಾದ ಬಗೆ

ಮೊದಲು ಹೀಗೆ ಯಾರು ಬೇಕಾದರೂ ಬಂದು ಹೊಲ ಕೊಳ್ಳುವಂತಿರಲಿಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, 1961ರ ಭೂಸುಧಾರಣಾ ಕಾಯಿದೆಗೆ ದೊಡ್ಡ ತಿದ್ದುಪಡಿ ಬಂತು. ಉಳುವವನೇ ಹೊಲದೊಡೆಯನಾದ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ 79ಎ ಮತ್ತು 79ಬಿ ಕಲಮುಗಳು ಅಡ್ಡ ಬಂದವು. ಬೇರೆ ಮೂಲದಿಂದ ಗೊತ್ತಾದ ಮಿತಿಗಿಂತ ಹೆಚ್ಚು ವರಮಾನ ಇದ್ದವರಿಗೆ ಭೂಮಿ ಕೊಳ್ಳುವ ಹಕ್ಕಿರಲಿಲ್ಲ. ಆ ಮಿತಿಯನ್ನು ಕಾಲಕಾಲಕ್ಕೆ ಏರಿಸುತ್ತ 2015ರಲ್ಲಿ 25 ಲಕ್ಷ ರೂಪಾಯಿಗೆ ತಂದರು. 2020ರಲ್ಲಿ ಮೊದಲು ಸುಗ್ರೀವಾಜ್ಞೆಯ ಮೂಲಕ, ಬಳಿಕ ತಿದ್ದುಪಡಿ ಕಾಯಿದೆಯ ಮೂಲಕ ಈ ಕಲಮುಗಳನ್ನೇ ತೆಗೆದುಹಾಕಿದರು. ರೈತ ಸಂಘಗಳು ಇದನ್ನು ಬಲವಾಗಿ ವಿರೋಧಿಸಿದವು. ನಗರದ ಕಾರು ಹಳ್ಳಿಯ ಗಾಡಿ ಜಾಡಿಗೆ ಇಳಿಯಲು ದಾರಿಯಾದದ್ದು ಹೀಗೆ.

ಇದರ ಜೊತೆಗೆ ಇನ್ನೊಂದು ಅಂಶವನ್ನು ಗಮನಿಸಬೇಕು. ಕೊಳ್ಳುವ ಬಾಗಿಲು ತೆರೆಯಿತು, ಗುತ್ತಿಗೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಸೈನಿಕರು, ನಾವಿಕರಂಥ ಕೆಲವರ ಭೂಮಿಯನ್ನು ಬಿಟ್ಟರೆ ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನು 1974ರ ತಿದ್ದುಪಡಿ ನಿಷೇಧಿಸಿತು. ಅಂದಿನ ಗೇಣಿದಾರನಿಗೆ ನ್ಯಾಯ ಕೊಡಿಸಲು ಅದು ಅಗತ್ಯವೂ ಆಗಿತ್ತು. ಅದರಿಂದ ಆಗಿರುವ ಪರಿಣಾಮವೇನೆಂದರೆ, ಬೇಸಾಯ ತನಗೆ ಒಗ್ಗುತ್ತದೆಯೇ ಎಂದು ಒಂದೆರಡು ವರ್ಷ ಕಾಗದಪತ್ರದ ಮೇಲೆ ಗುತ್ತಿಗೆ ಪಡೆದು ನೋಡುವ ದಾರಿ ನಗರದವನಿಗೆ ಇಲ್ಲ. ಭೂಮಿ ಕೈಬಿಡದೆ ನಾಲ್ಕು ವರ್ಷ ಗುತ್ತಿಗೆಗೆ ಕೊಟ್ಟು ಸಾಲ ತೀರಿಸಿಕೊಳ್ಳುವ ದಾರಿ ರೈತನಿಗೂ ಇಲ್ಲ. ಒಬ್ಬ ಪೂರ್ತಿ ಕೊಳ್ಳಬೇಕು, ಇನ್ನೊಬ್ಬ ಪೂರ್ತಿ ಕಳೆದುಕೊಳ್ಳಬೇಕು. ಗೇಣಿಗೆ ಕಾನೂನಿನ ರಕ್ಷಣೆ ಕೊಡುವ ಮಾದರಿ ಕಾಯಿದೆಯೊಂದನ್ನು ನೀತಿ ಆಯೋಗ 2016ರಲ್ಲಿ ರಾಜ್ಯಗಳ ಮುಂದಿಟ್ಟಿತು. 1974ರಲ್ಲಿ ಗೇಣಿದಾರ ಪಡೆದ ಹಕ್ಕಿಗೆ ಧಕ್ಕೆ ಬಾರದಂತೆ, ಒಡೆಯನಿಗೂ ಭಯವಿಲ್ಲದಂತೆ ಅಂಥ ವ್ಯವಸ್ಥೆ ಸಾಧ್ಯವೇ ಎಂದು ರೈತ ಸಂಘಟನೆಗಳು ತಾವೇ ಚರ್ಚಿಸುವುದು ಒಳಿತು.

ಮಾಗಿ ತೋರಿಸದ ಸಂಗತಿ

ಡಿಸೆಂಬರಿನ ಹೊಲದಲ್ಲಿ ಇಬ್ಬನಿ ಇರುತ್ತದೆ, ಕೆರೆಯಲ್ಲಿ ನೀರಿರುತ್ತದೆ, ಬಾವಿಯ ಮಟ್ಟ ಮೇಲಿರುತ್ತದೆ. ಇದು ಹಿಂದಿನ ನಾಲ್ಕು ತಿಂಗಳ ಮಳೆಯ ಕೊಡುಗೆಯೇ ಹೊರತು ಆ ಭೂಮಿಯ ನಿತ್ಯದ ಸ್ವಭಾವವಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಂತರ್ಜಲವನ್ನು ಮಿತಿಮೀರಿ ಎತ್ತಿರುವುದು ಎಲ್ಲರಿಗೂ ತಿಳಿದ ವಿಷಯ.

ಹತ್ತಿರದ ಉದಾಹರಣೆಯನ್ನೇ ನೋಡಿ. 2022ರಲ್ಲಿ ದಕ್ಷಿಣ ಒಳನಾಡಿನಲ್ಲಿ ಭಾರಿ ಮಳೆ. ಕೋಡಿ ಹರಿಯುವುದನ್ನೇ ಕಾಣದಿದ್ದ ಕೆರೆಗಳು ತುಂಬಿದವು. ಆ ವರ್ಷದ ಮಾಗಿಯಲ್ಲಿ ಹೊಲ ನೋಡಿದವರಿಗೆ ನೀರಿನ ಚಿಂತೆಯೇ ಇಲ್ಲವೆನಿಸಿರಬೇಕು. ಮರು ವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲೇ ಕೊಳವೆಬಾವಿಗಳು ಒಣಗಿ ಜನ ಟ್ಯಾಂಕರಿಗೆ ಕಾದರು. ಒಂದೇ ಭೂಮಿ, ಹದಿನೈದು ತಿಂಗಳ ಅಂತರ.

ಹಾಗೆಂದು ಮಾಗಿಯೂ ನಿಶ್ಚಿಂತೆಯ ಕಾಲವಲ್ಲ. 2021ರ ನವೆಂಬರಿನಲ್ಲಿ ಸುರಿದ ಅಕಾಲ ಮಳೆಗೆ ಕೊಯ್ಲಿಗೆ ಬಂದ ರಾಗಿ ನೆಲಕ್ಕೊರಗಿ, ತೆನೆಯಲ್ಲೇ ಮೊಳಕೆಯೊಡೆದದ್ದನ್ನು ನೀವು ಮರೆತಿರಲಾರಿರಿ. ಮಾವಿನ ತೋಟದವರಿಗೆ ಡಿಸೆಂಬರ್, ಜನವರಿಯೆಂದರೆ ಹೂವಿನ ಕಾಲ. ಜಿಗಿಹುಳು, ಬೂದಿರೋಗಗಳ ಮೇಲೆ ದಿನವೂ ಕಣ್ಣಿಡಬೇಕು. ಅವರೆಗೆ ಕಾಯಿಕೊರಕದ ಕಾಟ. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ತಾಸು ತ್ರಿಫೇಸ್ ಕರೆಂಟು ಎಂದರೂ, ಅದರ ಪಾಳಿ ರಾತ್ರಿ ಬಂದರೆ ಕೊರೆಯುವ ಚಳಿಯಲ್ಲಿ ಟಾರ್ಚು ಹಿಡಿದು, ಹಾವು ಹುಳಕ್ಕೆ ಅಂಜುತ್ತ ಮಡೆ ತಿರುವಬೇಕು. ಬೆಳಗ್ಗೆ ಆರಕ್ಕೆ ಡೇರಿಗೆ ಹಾಲು ಮುಟ್ಟಿಸಬೇಕಾದರೆ ಮನೆಯ ಹೆಣ್ಣುಮಗಳು ಐದಕ್ಕೆ ಮುಂಚೆ ಏಳಬೇಕು. ಭಾನುವಾರ ಹತ್ತು ಗಂಟೆಗೆ ಬಂದವರಿಗೆ ಇದಾವುದೂ ಕಾಣುವುದಿಲ್ಲ. ಹೇಳಬೇಕಾದವರು ನೀವು.

ಎರಡು ಎಕರೆಯ ಲೆಕ್ಕ

ಕನಸಿನ ಎರಡು ಎಕರೆಯನ್ನು ಕಾಗದದ ಮೇಲೆ ಇಡೋಣ. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1.36 ಹೆಕ್ಟೇರು, ಅಂದರೆ ಸುಮಾರು 3 ಎಕರೆ 14 ಗುಂಟೆ. ಎರಡು ಎಕರೆಯೆಂದರೆ ಒಂದು ಹೆಕ್ಟೇರಿಗೂ ಕಡಿಮೆ. ನಗರದ ಸಾಹೇಬರು ಕೊಳ್ಳಲು ಹೊರಟಿರುವುದು ಅತಿ ಸಣ್ಣ ರೈತನ ಬದುಕನ್ನು.

ಮಳೆಯಾಶ್ರಯದಲ್ಲಿ ಎಕರೆಗೆ 8 ಕ್ವಿಂಟಲ್ ರಾಗಿ ಬಂದರೆ ಒಳ್ಳೆಯ ಬೆಳೆಯೆಂದೇ ಹೇಳಬೇಕು. ಎರಡು ಎಕರೆಗೆ 16 ಕ್ವಿಂಟಲ್. 2025-26ರ ಮುಂಗಾರಿಗೆ ಕೇಂದ್ರ ನಿಗದಿ ಮಾಡಿದ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಒಂದು ಕಾಳೂ ಮನೆಗೆ ಇಟ್ಟುಕೊಳ್ಳದೆ ಮಾರಿದರೂ ಕೈಗೆ ಬರುವುದು 78,176 ರೂಪಾಯಿ. ಉಳುಮೆ, ಬೀಜ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆಗೆ ಅರ್ಧ ಹೋಯಿತೆಂದರೆ ಉಳಿಯುವುದು 39 ಸಾವಿರ. ತಿಂಗಳಿಗೆ ಸುಮಾರು 3,250 ರೂಪಾಯಿ. ನಗರದಲ್ಲಿ ಒಂದು ಮಗುವಿನ ಶಾಲಾ ವ್ಯಾನಿಗೂ ಇದು ಸಾಲುವುದು ಕಷ್ಟ.

ಹಸು ಕಟ್ಟಿದರೆ ಕೈಹಿಡಿಯುತ್ತದೆ, ನಿಜ. ಆದರೆ ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 25ರಿಂದ 30 ಕಿಲೋ ಹಸಿಮೇವು, ಮೇಲೆ ಒಣಹುಲ್ಲು, ಹಿಂಡಿ ಬೇಕು. ಎರಡು ಹಸು ಸಾಕಿದರೆ ನೀರಿರುವ ಒಂದು ತುಂಡು ಮೇವಿಗೇ ಮೀಸಲು. ಹಸುವಿಗೆ ಭಾನುವಾರದ ರಜೆ ತಿಳಿಯದು. "ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು" ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ನಗರದಲ್ಲಿ ಕುಳಿತು ಫೋನಿನಲ್ಲಿ ಮಾಡಿಸುವ ಬೇಸಾಯ ಎರಡು ವರ್ಷದಲ್ಲಿ ಬೇಲಿ, ಗೇಟು, ಲಂಟಾನಕ್ಕೆ ಮುಗಿಯುವುದನ್ನು ನಿಮ್ಮ ಊರಿನಲ್ಲೇ ಕಂಡಿರಬಹುದು.

ಹಾಗಾದರೆ ಸಣ್ಣ ಹಿಡುವಳಿಯಲ್ಲಿ ಬಾಳಲು ಆಗುವುದೇ ಇಲ್ಲವೆ? ಆಗುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಬೇಸಾಯ ಮಾಡಿಕೊಂಡಿದ್ದು 2019ರ ಜನವರಿಯಲ್ಲಿ ತೀರಿಕೊಂಡ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರು ಅದನ್ನು ಮಾಡಿ ತೋರಿಸಿದವರು. ಆದರೆ ಅವರು ಹೊಲದಲ್ಲೇ ಇದ್ದು, ಕೈಯಾರೆ ದುಡಿದು, ಕೊಳ್ಳುವ ಗೊಬ್ಬರದ ಖರ್ಚು ಇಳಿಸಿ, ಮರ, ಕಾಳು, ಜಾನುವಾರು ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿದರು. ಅದು ವರ್ಷಗಟ್ಟಲೆಯ ಕೆಲಸ, ಒಂದು ಮಾಗಿಯ ಕೆಲಸವಲ್ಲ.

ಮಾರುವವರಿಗೆ

ಸುಗ್ಗಿಯಲ್ಲಿ ಎಲ್ಲರ ಮಾಲೂ ಒಟ್ಟಿಗೆ ಪೇಟೆಗೆ ಹೋಗಿ ಬೆಲೆ ಇಳಿಯುತ್ತದೆ. ಬೆಂಬಲ ಬೆಲೆಯ ಹಣ ಬರುವುದು ತಡವಾಗುತ್ತದೆ. ಸಂಕ್ರಾಂತಿ ಕಳೆದರೆ ಮದುವೆ ಮುಹೂರ್ತಗಳು, ಹಿಂದೆಯೇ ಸೊಸೈಟಿ ಸಾಲದ ವಾಯಿದೆ. ದಲ್ಲಾಳಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಮುಂಗಡದ ಕಂತೆ ನೋಡಿ ಮಾಗಿಯಲ್ಲಿ ಕರಾರಿಗೆ ಕೈಹಾಕಬೇಡಿ. ಯುಗಾದಿಯವರೆಗೆ ತಡೆಯಿರಿ. ನಿಜವಾದ ಗಿರಾಕಿಯಾದರೆ ಯುಗಾದಿಗೂ ಬರುತ್ತಾನೆ.

ಪೂರ್ತಿ ಹೊಲ ಮಾರಬೇಡಿ. ಪಹಣಿಯಲ್ಲಿ ಹೆಸರು ಹೋದರೆ ಅದರೊಡನೆ ಬೆಂಬಲ ಬೆಲೆಗೆ ಮಾರುವ ಅವಕಾಶ, ಬೆಳೆ ವಿಮೆ, ಸಹಕಾರ ಸಂಘದ ಬಡ್ಡಿಯಿಲ್ಲದ ಬೆಳೆ ಸಾಲ ಎಲ್ಲವೂ ಹೋಗುತ್ತವೆ. ಬಂದ ಹಣ ಮದುವೆ, ಮನೆ, ಮೋಟಾರು ಎಂದು ಕರಗಿದ ಮೇಲೆ, ತಾನು ಮಾರಿದ ಹೊಲಕ್ಕೇ ಕಾವಲುಗಾರನಾಗಿ ನಿಂತವರೂ ಇದ್ದಾರೆ. ಅನಿವಾರ್ಯವಾದರೆ ಒಂದು ಭಾಗವನ್ನಷ್ಟೇ ಕೊಡಿ. ಬಾವಿ, ದಾರಿ, ಕಾಲುವೆ ಯಾರ ಪಾಲಿಗೆ ಎಂಬುದನ್ನು ಕ್ರಯಪತ್ರದಲ್ಲೇ ಬರೆಸಿ.

ಮನೆಯ ಹೆಣ್ಣುಮಕ್ಕಳನ್ನು ಕೇಳದೆ ಮಾತು ಕೊಡಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆಯೆಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ, ಇದು 1978ರ ಕಾಯಿದೆ. ಅಂಥ ಭೂಮಿಯನ್ನು ಮರಳಿ ಕೇಳಲು ಕಾಲಮಿತಿ ಅಡ್ಡಬಾರದೆಂದು 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಗಿದೆ.

ಕೊಳ್ಳುವವರಿಗೆ, ಮರಳಿ ಬರುವ ಮಗನಿಗೆ

ಹೊಲವನ್ನು ಮಾಗಿಯಲ್ಲಿ ಮೆಚ್ಚಿಕೊಳ್ಳಲಿ, ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಇನ್ನೊಮ್ಮೆ ಬಂದು ನೋಡಲಿ. ಕೊಳವೆಬಾವಿ ಎಷ್ಟು ಹೊತ್ತು ನಿಲ್ಲದೆ ನೀರೆತ್ತುತ್ತದೆಂದು ಗಡಿಯಾರ ಹಿಡಿದು ನೋಡಲಿ. ಜುಲೈ ಮಳೆಯಲ್ಲಿ ಬಂದು ದಾರಿ ಹೇಗಿದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ನೋಡಲಿ. ಮಣ್ಣಿನ ಪರೀಕ್ಷೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ. ಪಹಣಿ, ಮ್ಯುಟೇಷನ್, ಋಣಭಾರ ಪತ್ರ, ಭಾಗವಾಗಿ ಕೊಳ್ಳುವುದಾದರೆ 11ಇ ನಕ್ಷೆ, ಇವಿಷ್ಟನ್ನೂ ನೋಡದೆ ಮುಂಗಡ ಕೊಡಬಾರದು. ಹತ್ತು ಗುಂಟೆಯ ಫಾರಂ ಪ್ಲಾಟು ಕೊಳ್ಳುವವರು ತಮ್ಮ ಪಾಲಿಗೆ ಬೇರೆ ಹಿಸ್ಸಾ, ಬೇರೆ ಪಹಣಿ ಆಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ನಿಮ್ಮ ಮಗನೇ ಬರುತ್ತೇನೆಂದರೆ ಬೇಡವೆನ್ನಬೇಡಿ, ಕೂಡಲೇ ಕೆಲಸ ಬಿಡು ಎಂದೂ ಹೇಳಬೇಡಿ. ಅರ್ಧ ಎಕರೆ ಅವನ ಪಾಲಿಗೆ ಬಿಡಿ. ಜನವರಿಯಲ್ಲಿ ಮಾಗಿ ಉಳುಮೆ ಅವನೇ ಮಾಡಿಸಲಿ, ಮುಂಗಾರಿಗೆ ಅವನೇ ಬಿತ್ತಲಿ, ಕಳೆ ತೆಗೆಸಲಿ, ಖರ್ಚನ್ನು ಪುಸ್ತಕದಲ್ಲಿ ಬರೆಯಲಿ. ಮುಂದಿನ ಕಣ ಮುಗಿದ ದಿನ ತಂದೆ ಮಗ ಇಬ್ಬರೂ ಕುಳಿತು ಆ ಪುಸ್ತಕ ತೆರೆಯಿರಿ. ಲೆಕ್ಕ ನೋಡಿದ ಮೇಲೂ ಅವನ ಮನಸ್ಸು ನಿಂತಿದ್ದರೆ, ಅಂಥವನು ಊರಿಗೆ ಬೇಕು. ನಮ್ಮ ಹಳ್ಳಿಗಳಲ್ಲಿ ದುಡಿಯುವ ಕೈಗೆ ಬರ ಬಂದಿದೆ, ಓದಿದ ಕೈಯಾದರೂ ಸರಿಯೇ.

ಈ ಭಾನುವಾರ ನಿಮ್ಮ ಬದುವಿನ ಮೇಲೆ ಕಾರಿನವರು ಬಂದು ನಿಂತರೆ ಕೂರಿಸಿ, ಸೊಗಡಿನ ಅವರೆಕಾಳು ಸಾರಿನ ಊಟ ಹಾಕಿ ಕಳಿಸಿ. ವ್ಯವಹಾರದ ಮಾತಿಗೆ ಯುಗಾದಿ ಕಳೆದು ಬನ್ನಿ ಎಂದು ಹೇಳಿ.