ಶಾಸನದ ಪಕ್ಕದಲ್ಲಿ ಗಾನತಟ್ಟೆ: ಧ್ವನಿಮುದ್ರಿಕೆಗಳ ಸಂಗ್ರಹ ಮತ್ತು ಕನ್ನಡ ಸಂಶೋಧನೆ

ಮುಳಬಾಗಿಲು ತಾಲ್ಲೂಕಿನ ಕುರುಡುಮಲೆ ಕನ್ನಡ ಸಂಶೋಧಕರಿಗೆ ಅಪರಿಚಿತ ಸ್ಥಳವಲ್ಲ. ಅಲ್ಲಿಯ ಮಹಾಗಣಪತಿಯ ಏಕಶಿಲಾಮೂರ್ತಿ, ಸೋಮೇಶ್ವರ ದೇವಾಲಯ, ಕನ್ನಡ ತೆಲುಗು ತಮಿಳುಗಳು ಒಂದರೊಳಗೊಂದು ಹೆಣೆದುಕೊಂಡಿರುವ ಆ ಗಡಿಸೀಮೆಯ ಚರಿತ್ರೆ ಇವೆಲ್ಲ ನಮ್ಮ ಅಧ್ಯಯನದ ವ್ಯಾಪ್ತಿಗೆ ಬಂದು ಬಹುಕಾಲವಾಯಿತು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಕೋಲಾರ ಜಿಲ್ಲೆಯ ಸಂಪುಟ 1905ರಲ್ಲಿಯೇ ಪ್ರಕಟವಾಯಿತು. ಮುಳಬಾಗಿಲು ತಾಲ್ಲೂಕಿನ ಶಾಸನಗಳಿಗೆ ಅಂದು ದೊರೆತ ಸಂಖ್ಯೆಗಳನ್ನೇ ನಾವು ಇಂದಿಗೂ ಉಲ್ಲೇಖಿಸುತ್ತೇವೆ. ಆದರೆ ಅದೇ ಸೀಮೆಯ ದೇವಾಲಯಗಳ ಉತ್ಸವಗಳಲ್ಲಿ ತಲೆಮಾರುಗಳಿಂದ ನುಡಿಯುತ್ತ ಬಂದಿರುವ ನಾಗಸ್ವರದ ಧ್ವನಿಗೆ ಅಂಥ ಸಂಖ್ಯೆಯೂ ಇಲ್ಲ, ಸಂಪುಟವೂ ಇಲ್ಲ. ಕಣ್ಣಿಗೆ ಕಾಣುವ ಅಕ್ಷರವನ್ನು ಆಕರವೆಂದು ಬಗೆದ ನಾವು ಕಿವಿಗೆ ಕೇಳುವುದನ್ನು ಕೇವಲ ರಸಿಕತೆಯ ಪಾಲಿಗೆ ಬಿಟ್ಟುಕೊಟ್ಟಿದ್ದೇವೆ.

ಈ ಉದಾಸೀನ ನಾಗಸ್ವರಕ್ಕೇ ಹೀಗಿರುವಾಗ ಜಾಝ್ ಸಂಗೀತದ, ಆಧುನಿಕ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮುದ್ರಿಕೆಗಳ ಮಾತನ್ನು ಕನ್ನಡ ವಿಭಾಗದಲ್ಲಿ ಎತ್ತುವುದೇ ವಿಚಿತ್ರವೆನಿಸಬಹುದು. ಅದು ನಗರದ ಉಳ್ಳವರ ಹವ್ಯಾಸ, ವಸಾಹತುಶಾಹಿ ಅಭಿರುಚಿಯ ಪಳೆಯುಳಿಕೆ, ಅದರಿಂದ ಕನ್ನಡಕ್ಕೆ ಆಗಬೇಕಾದುದೇನು ಎಂಬ ಆಕ್ಷೇಪವನ್ನು ನಾನು ಹಲವು ವಿಚಾರಸಂಕಿರಣಗಳಲ್ಲಿ ಕೇಳಿದ್ದೇನೆ. ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ, ಗ್ರಾಮಫೋನು ಎಲ್ಲ ಮನೆಗಳಲ್ಲಿ ಇರಲಿಲ್ಲ. ಓಲೆಗರಿಯೂ ಎಲ್ಲ ಮನೆಗಳಲ್ಲಿ ಇರಲಿಲ್ಲವೆಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಇಂಥ ಮುದ್ರಿಕೆಗಳ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಇರುವ ಪಾತ್ರ ಬರಿಯ ಕೊಳ್ಳುವವನ ಪಾತ್ರವಲ್ಲ ಎಂಬುದು ಈ ಲೇಖನದ ವಾದ.

ಜಯಚಾಮರಾಜೇಂದ್ರ ಒಡೆಯರ ಉದಾಹರಣೆಯನ್ನು ನೋಡಬಹುದು. ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ನಾವು ಅವರನ್ನು ಬಲ್ಲೆವು. ಅವರು ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳ ಮಹಾಸಂಗ್ರಾಹಕರೂ ಆಗಿದ್ದರು. ಅವರಲ್ಲಿದ್ದ ತಟ್ಟೆಗಳ ಸಂಖ್ಯೆ ಸುಮಾರು 20,000 ಎಂಬ ಅಂದಾಜಿದೆ. ಸಂಖ್ಯೆಗಿಂತ ಮುಖ್ಯವಾದುದು ಸಂಗ್ರಹದ ರೀತಿ. ತಮಗೆ ಬೇಕಾದ ಸಂಗೀತ ಮಾರುಕಟ್ಟೆಯ ಪಟ್ಟಿಯಲ್ಲಿ ಇಲ್ಲವೆಂದಾಗ ಅದು ಮುದ್ರಣಗೊಳ್ಳುವಂತೆ ಅವರು ಮಾಡಿದರು. ಲಂಡನ್ನಿನಲ್ಲಿ ಬಹುಮಟ್ಟಿಗೆ ಮರೆತುಹೋಗಿದ್ದ ರಷ್ಯನ್ ಸ್ವರಸಂಯೋಜಕ ನಿಕೊಲಾಯ್ ಮೆಟ್ನರ್ ತನ್ನ ಕೊನೆಯ ವರ್ಷಗಳಲ್ಲಿ ತನ್ನ ಕೃತಿಗಳನ್ನು ತಾನೇ ನುಡಿಸಿ ಎಚ್.ಎಂ.ವಿ. ತಟ್ಟೆಗಳಲ್ಲಿ ದಾಖಲಿಸಲು ಸಾಧ್ಯವಾದದ್ದು ಮೈಸೂರಿನ ಹಣದಿಂದ. ಆತ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದನು. ವಾಲ್ಟರ್ ಲೆಗ್ ಕಟ್ಟಿದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೂ ನೆರವು ಸಂದಿತು. ಹೆರ್ಬರ್ಟ್ ಫಾನ್ ಕಾರಾಯನ್ 1949ರಲ್ಲಿ ಆ ವೃಂದದೊಡನೆ ಮುದ್ರಿಸಿದ ಬಲಾಕಿರೆವನ ಮೊದಲನೆಯ ಸಿಂಫನಿ, ಆಲ್ಬೆರ್ ರೂಸೆಲನ ನಾಲ್ಕನೆಯ ಸಿಂಫನಿ ಈ ನೆರವಿನ ಫಲಗಳು. ರೂಸೆಲನ ಸಿಂಫನಿ 1934ರದು. ಅಂದಿಗೆ ಅದು ಹೊಸ ಸಂಗೀತವೇ.

ಇನ್ನೂ ಒಂದು ಪ್ರಸಂಗವಿದೆ. ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಂಡ ಮೇಲೆ ಆತನ ‘ಕೊನೆಯ ನಾಲ್ಕು ಹಾಡುಗಳು’ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಪ್ರಯೋಗಗೊಂಡವು. ಹಾಡಿದವಳು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವನು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಆ ಕಚೇರಿಗೆ ಹಣದ ಭರವಸೆ ನೀಡಿದ ಒಡೆಯರು ಅಲ್ಲಿಗೆ ಹೋಗಲಿಲ್ಲ. ಕಚೇರಿಯನ್ನು ಮುದ್ರಿಸಿ ತಟ್ಟೆಗಳನ್ನು ಮೈಸೂರಿಗೆ ಕಳುಹಿಸುವ ಏರ್ಪಾಡಾಯಿತು. ಆ ರಾತ್ರಿಯ ಧ್ವನಿ, ಸವಕಲಾಗಿಯಾದರೂ, ಇಂದು ಕೇಳಲು ಸಿಗುತ್ತದೆ. ಯುರೋಪಿನ ಸಂಗೀತ ಚರಿತ್ರೆಯ ಒಂದು ಮುಖ್ಯ ಗಳಿಗೆ ದಾಖಲಾದದ್ದು ಮೈಸೂರಿನ ಸಂಗ್ರಾಹಕರೊಬ್ಬರ ಕೇಳ್ಮೆಗಾಗಿ ಎಂಬುದು ಇಂಗ್ಲಿಷಿನ ಸಂಗೀತ ಬರೆಹಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತು. ನಮ್ಮ ಸಾಂಸ್ಕೃತಿಕ ಚರಿತ್ರೆಗಳಲ್ಲಿ ಇದಕ್ಕೆ ದೊರೆತ ಜಾಗ ತೀರ ಕಿರಿದು.

ಇದಕ್ಕೆ ಕಾರಣ ನಮ್ಮ ಸಂಗೀತ ಗದ್ಯದ ಸ್ವರೂಪದಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಮುಳಬಾಗಿಲಿನಲ್ಲಿಯೇ ಹುಟ್ಟಿದ ಡಿ.ವಿ. ಗುಂಡಪ್ಪನವರು ‘ಜ್ಞಾಪಕ ಚಿತ್ರಶಾಲೆ’ಯ ಕಲೋಪಾಸಕರು ಸಂಪುಟದಲ್ಲಿ, ಮೈಸೂರು ವಾಸುದೇವಾಚಾರ್ಯರು ‘ನಾ ಕಂಡ ಕಲಾವಿದರು’ ಗ್ರಂಥದಲ್ಲಿ ಸಂಗೀತದ ಬಗ್ಗೆ ಬರೆದ ಗದ್ಯಕ್ಕೆ ಸಾಟಿಯಿಲ್ಲ. ಆದರೆ ಅದು ನೆನಪಿನ ಗದ್ಯ. ಒಮ್ಮೆ ಕೇಳಿದ್ದನ್ನು, ಮತ್ತೆ ಕೇಳಲಾಗದ್ದನ್ನು, ಕಲಾವಿದನ ಸ್ವಭಾವದೊಡನೆ ಬೆಸೆದು ಹೇಳುವ ಗದ್ಯ. ಧ್ವನಿಮುದ್ರಿಕೆ ಬೇರೊಂದು ಗದ್ಯವನ್ನು ಬೇಡುತ್ತದೆ. ಅದನ್ನು ಹತ್ತು ಸಲ ಕೇಳಬಹುದು, ಒಂದು ಆವರ್ತದಲ್ಲಿ ನಿಲ್ಲಿಸಬಹುದು, ಇಬ್ಬರು ಓದುಗರು ಒಂದೇ ಪಾಠದ ಮೇಲೆ ಜಗಳವಾಡುವಂತೆ ಇಬ್ಬರು ಕೇಳುಗರು ಒಂದೇ ಸ್ಥಾನದ ಮೇಲೆ ಜಗಳವಾಡಬಹುದು. ಈ ಬಗೆಯ ಜಗಳಕ್ಕೆ ಬೇಕಾದ ಮಾತು ಕನ್ನಡದಲ್ಲಿ ಇನ್ನೂ ಬೆಳೆದಿಲ್ಲ.

ಆ ಮಾತನ್ನು ಬೆಳೆಸಲು ಬೇಕಾದ ಸಾಮಗ್ರಿ ನಮ್ಮ ವಿಭಾಗಗಳಲ್ಲಿಯೇ ಇದೆ. ಅದು ಛಂದಸ್ಸು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಅವರು ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಸಂಸ್ಥೆಯ ಕಲಾವಿದರು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮೆರಿಯಾನೊ ಜೊತೆಗೂಡಿ 1983ರಲ್ಲಿ ‘ಜ್ಯೋತಿ’ ಎಂಬ ತಟ್ಟೆಯನ್ನು ಮುದ್ರಿಸಿದರು. ಹೊರತಂದದ್ದು ಜರ್ಮನಿಯ ಇ.ಸಿ.ಎಂ. ಸಂಸ್ಥೆ. ಮೆರಿಯಾನೊ ನಮ್ಮ ನಾಗಸ್ವರವನ್ನೂ ಕಲಿತು ನುಡಿಸಿದ್ದವನು. ಕೋಲಾರ ಸೀಮೆಯ ಉತ್ಸವಗಳ ವಾದ್ಯ ಜಾಝಿನ ಒಳಗೆ ಹೋದದ್ದು ಇಂಥವರ ಉಸಿರಿನ ಮೂಲಕ. ‘ಜ್ಯೋತಿ’ ಮೊದಲಾಗುವುದು ಆರ್.ಎ. ರಮಾಮಣಿ ಅವರ ಏಕಾಕಿ ಕಂಠದಿಂದ. ಮೃದಂಗ, ಘಟ, ಖಂಜೀರ, ಕೊನ್ನಕೋಲುಗಳು ಆಮೇಲೆ ಬಂದು ಸೇರುತ್ತವೆ. ಕೊನ್ನಕೋಲಿನ ಸೊಲ್ಲುಗಳು ಅರ್ಥವಿಲ್ಲದ ಅಕ್ಷರಗಳಾದರೂ ಗಣವಿಲ್ಲದ ಅಕ್ಷರಗಳಲ್ಲ. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ರಗಳೆಯಲ್ಲಿ ಗುರುತಿಸಬಲ್ಲ ವಿದ್ಯಾರ್ಥಿ ಇಲ್ಲಿ ತಿಶ್ರ, ಚತುರಶ್ರ, ಖಂಡ ಗತಿಗಳನ್ನು ಗುರುತಿಸಬಲ್ಲ.

ತರಗತಿಯಲ್ಲಿ ಮಾಡಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇನೆ. ಡೇವ್ ಬ್ರೂಬೆಕ್ ತಂಡದ 1959ರ ‘ಟೇಕ್ ಫೈವ್’ ಜಾಝ್ ಮುದ್ರಿಕೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು; ರಚಿಸಿದವನು ತಂಡದ ಸ್ಯಾಕ್ಸೋಫೋನ್ ವಾದಕ ಪಾಲ್ ಡೆಸ್ಮಂಡ್. ಅದರಲ್ಲಿ ಪಿಯಾನೊ ಐದೆಣಿಕೆಯನ್ನು ಮೂರು ಮತ್ತು ಎರಡಾಗಿ ಒಡೆಯುತ್ತದೆ. ನಮ್ಮ ಖಂಡಚಾಪು ಅದೇ ಐದನ್ನು ಎರಡು ಮತ್ತು ಮೂರಾಗಿ ಒಡೆಯುತ್ತದೆ. ಕುಸುಮ ಷಟ್ಪದಿಯ ಐದು ಮಾತ್ರೆಯ ಗಣವನ್ನು ಓದುವಾಗ ನಮ್ಮ ನಾಲಿಗೆ ಎಲ್ಲಿ ಒಡೆಯುತ್ತದೆ? ಮೂರನ್ನೂ ಒಂದಾದ ಮೇಲೊಂದರಂತೆ ಕೇಳಿಸಿ, ಓದಿಸಿ, ಕೈಯಲ್ಲಿ ತಾಳ ಹಾಕಿಸಿದರೆ ಗಣವಿನ್ಯಾಸ ಕಪ್ಪುಹಲಗೆಯ ಗೆರೆಗಳಿಂದ ಇಳಿದು ಮೈಗೆ ಬರುತ್ತದೆ. ಮಾತ್ರೆಗಳ ಮೊತ್ತ ಒಂದೇ ಆಗಿದ್ದರೂ ಒಡೆತ ಬೇರೆಯಾದಾಗ ಲಯ ಬೇರೆಯಾಗುತ್ತದೆ ಎಂಬುದನ್ನು ಇದಕ್ಕಿಂತ ಸುಲಭವಾಗಿ ಕಲಿಸುವ ದಾರಿ ನನಗೆ ಕಂಡಿಲ್ಲ.

ಕದ್ರಿ ಗೋಪಾಲನಾಥರ ಕಥೆ ಇನ್ನೊಂದು ದಿಕ್ಕಿನದು. ಬಂಟ್ವಾಳ ಸೀಮೆಯ ನಾಗಸ್ವರ ವಿದ್ವಾಂಸರ ಮಗನಾದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಸ್ಟ್ರಾಸನ ಹಾಡುಗಳು ಮೊದಲು ಕೇಳಿಬಂದ ಅದೇ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ 1994ರಲ್ಲಿ ನುಡಿಸಿದರು. ಅವರ ಒಂದು ಮುದ್ರಿಕೆ ಅಮೆರಿಕದಲ್ಲಿ ಬೆಳೆದ ಕನ್ನಡ ಮೂಲದ ಕುಟುಂಬದ ಯುವಕ ರುದ್ರೇಶ್ ಮಹಾಂತಪ್ಪನ ಕೈಸೇರಿತು. ಅಣ್ಣ ತಮಾಷೆಗೆಂದು ಕೊಟ್ಟದ್ದು. ಜಾಝ್ ಕಲಿಯುತ್ತಿದ್ದ ಆತ ಮುಂದೆ ಗೋಪಾಲನಾಥರನ್ನೇ ಅರಸಿ ಬಂದನು. ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಬಿಡುಗಡೆಯಾಯಿತು. ಗೋಪಾಲನಾಥರು 2019ರಲ್ಲಿ ತೀರಿಕೊಂಡರು. ಮಾರ್ಗ ಯಾವುದು, ದೇಸಿ ಯಾವುದು ಎಂದು ನಾವು ಕವಿರಾಜಮಾರ್ಗದಿಂದ ತೊಡಗಿ ಚರ್ಚಿಸುತ್ತ ಬಂದಿದ್ದೇವೆ. ಇಲ್ಲಿ ಬೆಲ್ಜಿಯಮ್ಮಿನವನೊಬ್ಬ ರೂಪಿಸಿದ ವಾದ್ಯ, ಅರಮನೆಯ ಬ್ಯಾಂಡು, ನಾಗಸ್ವರದ ಮನೆತನ, ವಲಸೆ ಹೋದ ಕುಟುಂಬ, ಆಫ್ರಿಕನ್ ಅಮೆರಿಕನ್ನರ ಸಂಗೀತ ಒಂದೇ ತಟ್ಟೆಯಲ್ಲಿವೆ. ಆ ಚರ್ಚೆಗೆ ಇದಕ್ಕಿಂತ ಜೀವಂತ ಪಠ್ಯ ಬೇಕೆ?

ಸಂಗ್ರಹದ ವಿಧಾನವನ್ನು ನಾವು ಹೊಸದಾಗಿ ಕಲಿಯಬೇಕಾಗಿಲ್ಲ. ಗ್ರಂಥಸಂಪಾದನೆಯ ಶಿಸ್ತು ಸಾಕು. ತಟ್ಟೆಯ ಒಳಅಂಚಿನಲ್ಲಿ ಕೊರೆದಿರುವ ಸಂಖ್ಯೆ ಹಸ್ತಪ್ರತಿಯ ಪುಷ್ಪಿಕೆಯಿದ್ದಂತೆ. ಚೀಟಿಯ ಮೇಲಿನ ಹೆಸರು ತಪ್ಪಿರಬಹುದು, ಆ ಸಂಖ್ಯೆ ತಪ್ಪುವುದು ಅಪರೂಪ. ಮರುಮುದ್ರಣಗಳು ಪಾಠಾಂತರಗಳು. ಹೊದಿಕೆಯ ಬೆನ್ನಿನ ಬರೆಹ ಪೀಠಿಕೆ. 78 ಸುತ್ತಿನ ಹಳೆಯ ತಟ್ಟೆಗಳನ್ನು ಎರಕ ಹೊಯ್ದದ್ದು ಬಹುಪಾಲು ನಮ್ಮ ದೇಶದ ಅರಗಿನಿಂದಲೇ. ಅರಗಿನ ಮನೆ ಬೆಂಕಿಗೆ ಹೆದರಿದರೆ ಅರಗಿನ ತಟ್ಟೆ ನೆಲಕ್ಕೆ ಹೆದರುತ್ತದೆ. ಕೈಜಾರಿದರೆ ಚೂರು. ಆದ್ದರಿಂದ ಕೆಲಸ ತಡವಾಗಬಾರದು.

ಕ್ಷೇತ್ರಕಾರ್ಯ ಆರಂಭವಾಗಬೇಕಾದ ಒಂದು ಸ್ಥಳ ಕುರುಡುಮಲೆಯಿಂದ ಬಹುದೂರದಲ್ಲಿಲ್ಲ. ಕೋಲಾರ ಚಿನ್ನದ ಗಣಿಯ ಬಡಾವಣೆಗಳಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ಕ್ಲಬ್ಬು, ನೃತ್ಯ, ವಾದ್ಯಮೇಳಗಳ ಒಂದು ಲೋಕವಿತ್ತು. 2001ರಲ್ಲಿ ಗಣಿ ಮುಚ್ಚಿತು. ಹಲವು ಕುಟುಂಬಗಳು ಅದಕ್ಕೂ ಮೊದಲೇ ಹೊರದೇಶಗಳಿಗೆ ಹೊರಟುಹೋಗಿದ್ದವು. ಉಳಿದ ಮನೆಗಳಲ್ಲಿ ಯಾವ ತಟ್ಟೆಗಳಿವೆ, ಯಾರು ಯಾವುದಕ್ಕೆ ಕುಣಿದರು, ಪಕ್ಕದ ತೆಲುಗು, ತಮಿಳು, ಕನ್ನಡ ಮನೆಗಳವರು ಅದನ್ನು ಹೇಗೆ ಕೇಳಿಸಿಕೊಂಡರು ಎಂದು ಕೇಳುವ ಎಂ.ಫಿಲ್., ಪಿಎಚ್.ಡಿ. ವಿಷಯಗಳನ್ನು ಕೋಲಾರ ಜಿಲ್ಲೆಯ ಮಾರ್ಗದರ್ಶಕರು ಕೊಡಬಹುದಾಗಿತ್ತು, ಪಿಎಚ್.ಡಿ.ಗಂತೂ ಈಗಲೂ ಕೊಡಬಹುದು.

ಪ್ರತಿ ಮಾಡಿಕೊಳ್ಳಲು ಕಾನೂನು ಅಡ್ಡಿಯೆಂಬ ಮಾತೂ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಒಳಗಿರುವ ಕೃತಿಯ ಹಕ್ಕು ರಚನಕಾರ ತೀರಿಕೊಂಡ ಮರುವರ್ಷದಿಂದ ಅಷ್ಟೇ ಕಾಲ. 1951ರಲ್ಲಿ ತೀರಿಕೊಂಡ ಮೆಟ್ನರನ ತಟ್ಟೆಗಳಿಗೆ ಈ ಎರಡೂ ಅವಧಿಗಳು ಕಳೆದಿವೆ. ‘ಜ್ಯೋತಿ’ಯ ಧ್ವನಿಮುದ್ರಿಕೆಯ ಹಕ್ಕು ತೀರಲೇ 2043 ಮುಗಿಯಬೇಕು, ಅಲ್ಲಿಯವರೆಗೆ ವಿಭಾಗದ ಗ್ರಂಥಾಲಯ ಅದರ ಒಂದು ಪ್ರತಿಯನ್ನು ಕೊಂಡಿಡಬಹುದು.