ಲೇಡಿ ಡಾಕ್ಟರ್ ಅದಾರಂದ್ರ ಸಾಲದು

ನಮ್ಮ ಓಣ್ಯಾಗ ಯಾರರ ಬಸರಿ ಅಂತ ಗೊತ್ತಾದ್ರ ಮೊದಲ ಕೇಳೂ ಮಾತು, "ಲೇಡಿ ಡಾಕ್ಟರ್ ಹೌದಲ್ಲ?" ಹೌದು ಅಂದ ಕೂಡಲೆ ಎಲ್ಲಾರೂ ನಿಶ್ಚಿಂತಿ. ನನಗ ಕೇಳಿದ್ರ ಅಲ್ಲಿಂದ ಮುಂದ ಕೇಳೂದ ಹೆಚ್ಚದ.

ಈಗಿನ ಹುಡುಗ್ಯಾರು ನಾಚಿಕಿ ಅಂದ್ರ ಹಳೇ ಕಾಲದಾಕಿ ಅಂತಾರಂತ ಸುಮ್ಮನಾಗ್ತಾರ. ಸುಮ್ಮನಾಗಿ ತಪಾಸಣಿ ತಪ್ಪಸ್ತಾರ. ನಮ್ಮ ಬಳಗದಾಗ ಒಬ್ಬಾಕಿ ಐದನೇ ತಿಂಗಳ ಸ್ಕ್ಯಾನಿಂಗಿಗೆ ಹೋಗಿ, ಮಷೀನ್ ಮುಂದ ಗಂಡಸು ಡಾಕ್ಟರ್ ಕೂತಿದ್ದು ನೋಡಿ ಹಂಗ ತಿರುಗಿ ಬಂದ್ಲು. ಮನ್ಯಾಗ ಎಲ್ಲಾ ಛಲೋ ಅದ ಅಂತ ಹೇಳಿದ್ಲು. ಕೂಸಿನ ಹೃದಯ, ಬೆನ್ನುಹುರಿ ನೋಡೂ ಸ್ಕ್ಯಾನ್ ಅದು, 18-20 ವಾರದ ಸುಮಾರಿಗೆ ಆಗಬೇಕು. ಗುಟ್ಟು ಹೊರಬಿದ್ದಾಗ ಏಳು ತಿಂಗಳಾಗಿತ್ತು. ಕೂಸು ಆರಾಮ ಹುಟ್ಟಿತು, ನಮ್ಮ ಪುಣ್ಯಾ. ಎಲ್ಲಾರೂ ಆಕಿಗೆ ಬೈದ್ರು, ನಾ ಬೈಲಿಲ್ಲ. ಹೆಣ್ಣಮಗಳ ಸ್ಕ್ಯಾನ್ ಮಾಡೂ ಸೆಂಟರ್ ಅದ ಊರಾಗ ಇತ್ತು. ಯಾರೂ ಆಕಿಗೆ ಹೇಳಿದ್ದಿಲ್ಲ.

ಹಿಂಗ ಕೇಳೂದು ಹೊಸಾದಲ್ಲ. ಬೆಂಗಳೂರಿನ ಶಿವಾಜಿನಗರದಾಗ ಘೋಷಾ ಆಸ್ಪತ್ರಿ ಅಂತ ಸರಕಾರಿ ಹೆರಿಗಿ ಆಸ್ಪತ್ರಿ ಅದ. ಘೋಷಾ ಅಂದ್ರ ಪರದಾ. ಹೆಣ್ಣಮಕ್ಕಳು ಭಿಡೆ ಇಲ್ಲದ ಬರಲಿ ಅಂತ ಆ ಹೆಸರು. ಇದು ಒಂದು ಧರ್ಮದವರ ಮಾತೂ ಅಲ್ಲ. ನಮ್ಮ ಅಜ್ಜಿ ಹಡಿಯೂ ಮುಂದ ಸೂಲಗಿತ್ತಿ ಬಿಟ್ರ ಅಜ್ಜಗೂ ಆ ಖೋಲಿಗೆ ಕಾಲಿಡೂ ಹಂಗಿದ್ದಿಲ್ಲ.

ಈಗ ನೋಡ್ರಿ, ಬೋರ್ಡಿನ ಮ್ಯಾಲಿನ ಹೆಸರು ಹಗಲಿಂದು. ರಾತ್ರಿ ಎರಡಕ್ಕ ನೋವು ಬಂದ್ರ ಡ್ಯೂಟಿ ಮ್ಯಾಲೆ ಯಾರಿರ್ತಾರ? ಸಣ್ಣ ನರ್ಸಿಂಗ್ ಹೋಮಿಗೆ ಅನಸ್ತೇಶಿಯಾ ಡಾಕ್ಟರು ಹೊರಗಿಂದ ಬರ್ತಾರ, ಅವರು ಯಾರು? ಸಿಜೇರಿಯನ್ನಿಗೆ ಬೆನ್ನಿಗೆ ಸೂಜಿ ಕೊಟ್ರ ಕೆಳಗಿನ ಮೈ ಅಷ್ಟ ಜೋಮು ಹಿಡೀತದ, ಎಚ್ಚರ ಇರ್ತದ, ಸುತ್ತ ನಿಂತವರೆಲ್ಲಾ ಕಾಣ್ತಾರ. ಸ್ಟ್ರೆಚರ್ ತಳ್ಳಾವರು, ಹೊದಿಸೂ ಚಾದರ, ಇವನ್ನೂ ಕೇಳ್ರಿ. ಏಳನೇ ತಿಂಗಳಾಗ ಕೇಳಿ ಫೈಲಿನ್ಯಾಗ ಬರಸ್ರಿ. ನೋವು ಸುರು ಆದಮ್ಯಾಲೆ ಕೇಳಿದ್ರ ಯಾರ ಕಿವಿಗೂ ಬೀಳೂದಿಲ್ಲ.

ಸರಕಾರಿ ದವಾಖಾನಿಯಾಗ ಡಾಕ್ಟರನ್ನ ಆರಿಸಿಕೊಳ್ಳಲಿಕ್ಕೆ ಆಗೂದಿಲ್ಲ, ಖರೆ. ಆದ್ರ ಗಂಡಸು ಡಾಕ್ಟರ್ ತಪಾಸ ಮಾಡೂ ಮುಂದ ಒಬ್ಬ ಹೆಣ್ಣಮಗಳು ಅಲ್ಲಿರಬೇಕು, ಆ ವ್ಯವಸ್ಥಾ ಆಸ್ಪತ್ರಿಯವರದ ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2018ರ ರೋಗಿಗಳ ಹಕ್ಕಿನ ಪಟ್ಟಿಯಾಗ ಅದ. ಕೇಂದ್ರ ಸರಕಾರದ 'ಲಕ್ಷ್ಯ' ಯೋಜನಾ ಪ್ರಕಾರ ಹೆರಿಗಿ ಕೋಣ್ಯಾಗ ಮರಿ ಮಾಡಲಿಕ್ಕೆ ಪರದೆ ಇರಬೇಕು, ಜೋಡಿ ಒಬ್ಬಾಕಿ ಇರಲಿಕ್ಕೂ ಬಿಡಬೇಕು. ಅವ್ವನೋ ವೈನಿನೋ ಹೋಗಿ ಕೈ ಹಿಡದು ನಿಲ್ರಿ.

ನನ್ನ ಹಟಕ್ಕೂ ಒಂದು ಗೆರಿ ಅದ. ರಕ್ತ ಹೋಗಲಿಕತ್ತಿದ್ರ, ಕೂಸಿನ ಬಡಿತ ಇಳದ್ರ, ಎದುರಿಗೆ ಯಾರಿದ್ರೂ ಅವರ ಡಾಕ್ಟರು. ಆವಾಗ "ಬಾಯಿಯವರು ಬರಲಿ, ತಡೀರಿ" ಅನ್ನೂ ಅತ್ತಿಯಂದಿರನ್ನ ಮೊದಲ ಹೊರಗ ಕಳಸಬೇಕು. ಮತ್ತ, ಭಿಡೆ ಯಾರದು? ಸೊಸಿದೋ ಅತ್ತಿದೋ? ಸೊಸಿಗೆ ಗಂಡಸು ಡಾಕ್ಟರ್ ನಡೀತದಂದ್ರ ನಡೀಲಿ ಬಿಡ್ರಿ.

ನಿಮ್ಮೂರಾಗ ಹೆಣ್ಣಮಕ್ಕಳ ಸ್ಕ್ಯಾನ್ ಮಾಡೂ ಸೆಂಟರ್, ರಾತ್ರಿನೂ ಹೆಣ್ಣಮಕ್ಕಳ ಇರೂ ದವಾಖಾನಿ ಗೊತ್ತಿದ್ರ, ಈ ಶ್ರಾವಣದಾಗ ಅರಿಷಿಣ ಕುಂಕುಮಕ್ಕ ಹೋದಲ್ಲೆ ಬಸರಿ ಹುಡುಗ್ಯಾರ ಕಿವಿಗೆ ಹಾಕ್ರಿ.